ಗಾಲಿಕುರ್ಚಿ ಮಾಡೋ ಮೊದಲು ಬಿಗಿತ ಅರ್ಥ ಮಾಡ್ಕೊಳ್ಳಿ

ಜಿಮ್‌ನಲ್ಲಿ 'ಮಸಲ್ ಟೋನ್' ಅಂದ್ರೆ ಶರ್ಟಿನ ತೋಳು ಬಿಗಿಯಾಗೋದು, ಅಷ್ಟೇ. ವೈದ್ಯರಿಗೆ ಅದರ ಅರ್ಥ ಬೇರೆ. ಸಡಿಲ ಬಿಟ್ಟ ಕೈಯನ್ನು ಇನ್ನೊಬ್ಬರು ಎಳೆದಾಗ ಸ್ನಾಯು ಎಷ್ಟು ತಡೆಯುತ್ತೆ ಅನ್ನೋದು ಟೋನ್. ಪಾರ್ಶ್ವವಾಯು, ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಗೆ ಪೆಟ್ಟು, ಇವುಗಳಲ್ಲಿ ಮೆದುಳಿನ ಹಿಡಿತ ತಪ್ಪಿ ಅದು ಹೆಚ್ಚಾಗಬಹುದು. ಕೆಲವು ಮಕ್ಕಳಲ್ಲಿ ಉಲ್ಟಾ, ಟೋನ್ ಕಡಿಮೆಯಾಗಿ ಕತ್ತೇ ನಿಲ್ಲಲ್ಲ.

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ನಮ್ಮೂರು. (ದೇವೇಗೌಡರ ಹೆಸರಿನ ಮೊದಲ 'ಎಚ್' ಇದೇ.) ಅಲ್ಲಿರೋ ನಮ್ಮ ದೊಡ್ಡಪ್ಪನಿಗೆ ಲಕ್ವ ಹೊಡೆದಿದೆ. ಲಕ್ವ ಹೊಡೆದ ಕೈಗೆ ನೋವೇ ಗೊತ್ತಾಗಲ್ಲ ಅಂತ ಊರಿನವರ ನಂಬಿಕೆ. ಆದ್ರೆ ಅವರ ಮುಷ್ಟಿ ಬಿಚ್ಚಲ್ಲ, ಉಗುರು ಅಂಗೈಗೇ ಚುಚ್ಚುತ್ತೆ. ರಾತ್ರಿ ಮೀನಖಂಡ ಸೆಟೆದುಕೊಂಡು ಎಚ್ಚರ ಆಗುತ್ತೆ. ನೋಡೋಕೆ ಬಂದವರು "ಸ್ವಲ್ಪ ಮನಸ್ಸು ಮಾಡಿ ಗೌಡ್ರೇ, ಸಡಿಲ ಬಿಡಿ" ಅಂತ ಕೈ ಹಿಡಿದು ಜಗ್ಗುತ್ತಾರೆ. ಮನಸ್ಸು ಮಾಡಿದ್ರೆ ಬಿಡೋ ಬಿಗಿತ ಅಲ್ಲ ಅದು. ಜಗ್ಗೋದಂತೂ ಇನ್ನೂ ಕೆಟ್ಟದ್ದು.

ಯಾಕೆ ಅಂದ್ರೆ, 1980ರಲ್ಲಿ ಆಸ್ಟ್ರೇಲಿಯಾದ ನರತಜ್ಞ ಜೇಮ್ಸ್ ಲ್ಯಾನ್ಸ್ ಈ ಸ್ಪಾಸ್ಟಿಸಿಟಿಗೆ ಕೊಟ್ಟ ವಿವರಣೆಯಲ್ಲಿ ವೇಗವೇ ಮುಖ್ಯ. ಬೇಗ ಎಳೆದಷ್ಟೂ ಸ್ನಾಯು ಜಾಸ್ತಿ ತಡೆಯುತ್ತೆ. ಮೆಕ್ಯಾನಿಕಲ್‌ನವರಿಗೆ ಹೇಳೋದಾದ್ರೆ, ಸ್ಪ್ರಿಂಗ್‌ಗಿಂತ ಡ್ಯಾಂಪರ್‌ಗೆ ಹತ್ತಿರ. ಪಾರ್ಕಿನ್ಸನ್ ಬಿಗಿತ ಹಾಗಲ್ಲ, ನಿಧಾನಕ್ಕೆ ಎಳೆದ್ರೂ ಬಿಗಿಯಾಗೇ ಇರುತ್ತೆ. ಇನ್ನೊಂದು ವಿಷಯ: ಹಾಸಿಗೆ ಹುಣ್ಣು, ಬಿಗಿ ಚಪ್ಪಲಿ, ತುಂಬಿದ ಮೂತ್ರಕೋಶ, ಯಾವುದೇ ತೊಂದರೆ ಬಂದ್ರೂ ಟೋನ್ ಏರುತ್ತೆ, ಟೋನ್ ಏರಿದ್ರೆ ನೋವು ಏರುತ್ತೆ. ಪಕ್ಕಾ ಪಾಸಿಟಿವ್ ಫೀಡ್‌ಬ್ಯಾಕ್.

ಬ್ಯಾಕ್ಲೋಫೆನ್ ಮಾತ್ರೆ ಇದೆ. ಬೊಟುಲಿನಂ ಇಂಜೆಕ್ಷನ್ ಇದೆ, ಅದರ ಪ್ರಭಾವ ಸುಮಾರು ಮೂರು ತಿಂಗಳು. ಆದ್ರೆ ದಿನಾ ಬೇಕಾಗೋದು ನಿಧಾನವಾಗಿ ಕೈಕಾಲು ಚಾಚಿಸೋರು. ಬಿಗಿತ ಪೂರ್ತಿ ತೆಗೆಯೋದೂ ಎಲ್ಲರಿಗೂ ಒಳ್ಳೇದಲ್ಲ, ಕೆಲವರು ನಿಂತಿರೋದೇ ಆ ಬಿಗಿತದ ಮೇಲೆ.

ಈಗ ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ಗಳಿಗೆ ಬರೋಣ. ಕೈಸನ್ನೆಗೆ ಓಡೋ ಗಾಲಿಕುರ್ಚಿ ಎಷ್ಟು ಬ್ಯಾಚ್ ಮಾಡಿಲ್ಲ? ಡೆಮೊ ಟೈಲ್ಸ್ ಮೇಲೆ, ಕೂರೋದು ಆರೋಗ್ಯವಾಗಿರೋ ಕ್ಲಾಸ್‌ಮೇಟ್. ಹಳ್ಳಿಯ ಜಲ್ಲಿ ರಸ್ತೆಯಲ್ಲಿ ಒಂದೊಂದು ಕುಲುಕೂ ಸ್ನಾಯುವಿಗೆ ಒಂದು ಫಾಸ್ಟ್ ಸ್ಟ್ರೆಚ್. ಮುಷ್ಟಿ ಬಿಚ್ಚದವರು ಸನ್ನೆ ಹೇಗೆ ಮಾಡ್ತಾರೆ ಅಂತ ವೈವಾದಲ್ಲಿ ಯಾರೂ ಕೇಳಲ್ಲ!

ನನ್ನ ಪ್ರಕಾರ ಸಿನಾಪ್ಸಿಸ್ ಕೊಡೋ ಮೊದಲು ಟೀಮಿನವರು ಒಂದು ಮಧ್ಯಾಹ್ನ ಫಿಸಿಯೋಥೆರಪಿಸ್ಟ್ ಹತ್ರ ಕೂರೋದು ಕಡ್ಡಾಯ ಆಗಬೇಕು. ಆಮೇಲೆ ಸೆನ್ಸರ್ ಆರಿಸಲಿ. ಮೋಟರ್ ಜರ್ಕ್ ಇಲ್ಲದೆ ಶುರುವಾಗೋ ಹಾಗೆ ಕೋಡ್ ಬರೆಯೋದು, ಫುಟ್‌ರೆಸ್ಟ್ ಕೋನ ಬದಲಿಸೋ ಹಾಗೆ ಮಾಡೋದು, ಇವಕ್ಕೆ ಎಐ ಬೇಕಿಲ್ಲ. ಪೋಸ್ಟರ್‌ನಲ್ಲಿ ಚೆನ್ನಾಗಿ ಕಾಣಲ್ಲ ಅನ್ನೋದು ನಿಜ.