ದೀಪ ಉರಿದ ಮಾತ್ರಕ್ಕೆ ವೈರಿಂಗ್ ಸರಿಯಲ್ಲ

ಫ್ರಿಜ್ಜಿನ ಬಾಗಿಲನ್ನೋ ವಾಷಿಂಗ್ ಮಷಿನ್ನಿನ ಮೈಯನ್ನೋ ಮುಟ್ಟಿದಾಗ ಕೈ ಜುಮ್ಮೆನ್ನುವುದು ಅನೇಕ ಮನೆಗಳಲ್ಲಿ ನಿತ್ಯದ ಅನುಭವ. ಚಪ್ಪಲಿ ಮೆಟ್ಟಿಕೊಂಡು ಮುಟ್ಟುವುದೇ ಅದಕ್ಕೆ ಮನೆಯವರು ಕಂಡುಕೊಂಡ ಪರಿಹಾರ. ಬಂದ ನೆಂಟರಿಗೂ ಅದನ್ನೇ ಹೇಳಿಕೊಡುತ್ತಾರೆ. ಎರಡು ದಿನದ ಜ್ವರಕ್ಕೆ ವೈದ್ಯರಲ್ಲಿಗೆ ಧಾವಿಸುವ ನಾವು ಮನೆಯೇ ತೋರುತ್ತಿರುವ ಈ ರೋಗಲಕ್ಷಣವನ್ನು ವರ್ಷಗಟ್ಟಲೆ ಸಹಿಸಿಕೊಂಡಿರುತ್ತೇವೆ. ಆದಕಾರಣ ಆರೋಗ್ಯದ ಪುಟದಲ್ಲಿ ವಿದ್ಯುತ್ತಿನ ವಿಚಾರ ಅಸಂಗತವೆಂದು ನಮಗೆ ತೋರುವುದಿಲ್ಲ.

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಒಣಗಿದ ಚರ್ಮ ವಿದ್ಯುತ್ತನ್ನು ಕೊಂಚ ತಡೆಯುತ್ತದೆ. ಸ್ನಾನ ಮುಗಿಸಿದ ಒದ್ದೆ ಮೈ ತಡೆಯಲಾರದು. ಸುಮಾರು 10 ಮಿಲಿಆಂಪಿಯರ್ ಹರಿದರೆ ಕೈಯ ಸ್ನಾಯುಗಳು ಸೆಟೆದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ‘ಕರೆಂಟು ಹಿಡಿದುಕೊಂಡಿತು’ ಎಂದು ಜನ ಹೇಳುವುದು ಇದನ್ನೇ. 30 ಮಿಲಿಆಂಪಿಯರ್ ಮೀರಿ ಎದೆಯ ಮೂಲಕ ಹರಿದರೆ ಹೃದಯದ ಲಯವೇ ತಪ್ಪಬಹುದು. ಹಳೆಯ 60 ವಾಟಿನ ಬಲ್ಬು ಎಳೆಯುವ ವಿದ್ಯುತ್ತಿನ ಎಂಟನೆಯ ಒಂದು ಪಾಲೂ ಅದಲ್ಲ.

ನಮ್ಮಲ್ಲಿ ಬೇರೂರಿರುವ ಭ್ರಮೆಯೊಂದಿದೆ: ದೀಪ ಉರಿಯಿತು, ಫ್ಯಾನು ತಿರುಗಿತು, ಆದ್ದರಿಂದ ಕೆಲಸ ಸರಿಯಾಗಿದೆ. ಅರ್ಥ್ ತಂತಿ ಇಲ್ಲದಿದ್ದರೂ ಇವೆಲ್ಲ ನಡೆಯುತ್ತವೆ. ಆ ತಂತಿಯ ಅಗತ್ಯ ಕಾಣುವುದು ಗೀಸರಿನ ಕಾಯಿಲ್ ಒಡೆದ ದಿನ. ಹಿಂದೆ ಅದನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿ ಕೈತೊಳೆದುಕೊಳ್ಳುತ್ತಿದ್ದರು. ಈಗ ಪೈಪುಗಳು ಪ್ಲಾಸ್ಟಿಕ್ಕಾಗಿ, ಆ ಏರ್ಪಾಡು ಬರಿಯ ಅಲಂಕಾರವಾಗಿದೆ.

ಇದಕ್ಕಿಂತ ಅಪಾಯಕಾರಿಯಾದದ್ದು, ಸಾಕೆಟ್ಟಿನೊಳಗೇ ತುಂಡು ತಂತಿಯಿಂದ ನ್ಯೂಟ್ರಲ್‌ಗೂ ಅರ್ಥ್‌ಗೂ ಗಂಟು ಹಾಕುವ ಅಭ್ಯಾಸ. ಟೆಸ್ಟರಿಗೆ ಇದು ತಿಳಿಯುವುದಿಲ್ಲ. ಯಂತ್ರವೂ ಚೆನ್ನಾಗಿಯೇ ನಡೆಯುತ್ತದೆ. ಎಂದೋ ಒಂದು ದಿನ ಕಂಬದಲ್ಲೋ ಬೋರ್ಡಿನಲ್ಲೋ ನ್ಯೂಟ್ರಲ್ ಸಡಿಲವಾದರೆ, ಯಂತ್ರದ ಲೋಹದ ಮೈಗೇ ಪೂರ್ಣ ವೋಲ್ಟೇಜು ಬಂದು ಕೂಡುತ್ತದೆ. ಇದನ್ನು ಮಾಡುವ ಕೆಲಸಗಾರನನ್ನು ಮಾತ್ರ ದೂರುವುದು ನ್ಯಾಯವಲ್ಲ. ಗೃಹಪ್ರವೇಶದ ಪೆಂಡಾಲಿಗೆ ಧಾರಾಳವಾಗಿ ವೆಚ್ಚ ಮಾಡಿ ಅರ್ಥಿಂಗ್ ಗುಂಡಿಯ ಖರ್ಚಿಗೆ ಚೌಕಾಸಿ ಮಾಡುವ ಯಜಮಾನರನ್ನೂ ಕೇಳಬೇಕಾಗಿದೆ.

ಸ್ವಿಚ್ಚನ್ನು ಫೇಸಿನ ಬದಲು ನ್ಯೂಟ್ರಲ್‌ಗೆ ಕೊಡುವುದು ಮತ್ತೊಂದು ತಪ್ಪು. ದೀಪ ಆರುತ್ತದೆ, ಆದರೆ ಹೋಲ್ಡರಿನಲ್ಲಿ ವಿದ್ಯುತ್ತು ಹಾಗೆಯೇ ಉಳಿದಿರುತ್ತದೆ. ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಂದವಾಗಿ ಮಿನುಗಿದರೆ ಸಂಶಯಪಡಬೇಕು. (ಸೂಚಕ ದೀಪವಿರುವ ಸ್ವಿಚ್ಚಿನಿಂದಲೂ ಹೀಗಾಗುವುದುಂಟು, ಬಲ್ಲವರೇ ನೋಡಿ ಹೇಳಲಿ.) ಬಲ್ಬು ಬದಲಾಯಿಸುವಾಗ ಮೇನ್ ಸ್ವಿಚ್ಚನ್ನೇ ಆರಿಸುವುದು ಕ್ಷೇಮ.

‘ನಮ್ಮಲ್ಲಿ ಎಂಸಿಬಿ ಇದೆ’ ಎಂಬ ಸಮಾಧಾನವನ್ನು ಹಲವರಿಂದ ಕೇಳಿದ್ದೇವೆ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. 16 ಆಂಪಿಯರಿನ ಎಂಸಿಬಿಗೆ ಒಬ್ಬರ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಗಮನಕ್ಕೇ ಬಾರದು. ಅದು ಪದೇಪದೇ ಬೀಳುತ್ತದೆಂದು 1.5 ಚದರ ಮಿಲಿಮೀಟರಿನ ತಂತಿಗೆ 32 ಆಂಪಿಯರಿನದನ್ನು ಕೂಡಿಸಿದರೆ ತಂತಿಯ ರಕ್ಷಣೆಯೂ ಹೋಯಿತು. ಗೋಡೆಯೊಳಗೆ ಅದು ಕಾಯುತ್ತಿರುತ್ತದೆ. ಹಳೆಯ ಮನೆಗಳಲ್ಲಿ ಫ್ಯೂಸಿಗೆ ದಪ್ಪ ತಾಮ್ರದ ಎಳೆಗಳನ್ನು ಸುತ್ತುವುದೂ ಇದೇ ಬಗೆ.

ಮನುಷ್ಯನನ್ನು ಕಾಯಲು ಬೇಕಾದದ್ದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ವಿದ್ಯುತ್ತು ಮರಳಿ ಬರುವಲ್ಲಿ ಅಷ್ಟು ಸೋರಿದರೂ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅರ್ಥಿಂಗ್‌ಗೆ ಇದು ಬದಲಿಯಲ್ಲ; ಎರಡೂ ಇರಬೇಕು. ಮಳೆಗಾಲದಲ್ಲಿ ಇದು ಬಿದ್ದಾಗ ‘ಕಾಟ’ವೆಂದು ತೆಗೆಸಿಹಾಕುವವರಿದ್ದಾರೆ. ಮೊದಲು ಎಲ್ಲ ಪ್ಲಗ್ಗುಗಳನ್ನೂ ಕಿತ್ತು ಆರ್‌ಸಿಸಿಬಿ ಏರಿಸಿ ನೋಡಬೇಕು. ನಿಂತರೆ ಒಂದೊಂದಾಗಿ ಸಿಕ್ಕಿಸುತ್ತ ಹೋಗಬೇಕು. ಯಾವುದರೊಡನೆ ಬೀಳುತ್ತದೆಯೋ ಆ ಉಪಕರಣವೇ ರೋಗಿ. ಏನೂ ಸಿಕ್ಕಿಸದೆಯೂ ಬಿದ್ದರೆ ದೋಷ ಬಹುತೇಕ ವೈರಿಂಗಿನದು, ಅನೇಕ ಸಲ ಮೇಲೆ ಹೇಳಿದ ಆ ನ್ಯೂಟ್ರಲ್‌–ಅರ್ಥ್ ಗಂಟಿನದೇ. ಅಲ್ಲಿಂದ ಮುಂದಿನದು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನರ ಕೆಲಸ. ಅರ್ಥಿಂಗ್ ಅಳತೆಯನ್ನು ಅವರಿಂದ ಬರೆಸಿಕೊಳ್ಳಲು ಸಂಕೋಚಪಡಬಾರದು. ಆರ್‌ಸಿಸಿಬಿಯ ‘ಟೆಸ್ಟ್’ ಗುಂಡಿಯನ್ನು ಆಗಾಗ ಒತ್ತಿ ನೋಡುವುದನ್ನು ಮನೆಯ ಮಕ್ಕಳೇ ಮಾಡಬಲ್ಲರು.

ಬಟ್ಟೆ ಒಣಹಾಕುವ ತಂತಿಯನ್ನು ತಗಡಿನ ಛಾವಣಿಗೋ ಸರ್ವಿಸ್ ವೈರಿನ ಆಸರೆಗೋ ಕಟ್ಟಿರುವವರು ಇಂದೇ ಬಿಚ್ಚಿ ನೈಲಾನ್ ಹಗ್ಗ ಕಟ್ಟಲಿ.

ಯಾರಿಗಾದರೂ ಶಾಕ್ ಹೊಡೆದು ಕೈ ಬಿಡಲಾಗದಿದ್ದರೆ ಅವರನ್ನು ಮುಟ್ಟಕೂಡದು. ಹಿಡಿದೆಳೆಯಲು ಹೋದವರೂ ಸಿಕ್ಕಿಬೀಳುತ್ತಾರೆ. ಮೊದಲು ಮೇನ್ ಆರಿಸಬೇಕು. ಅದು ಆಗದಿದ್ದರೆ ಒಣಗಿದ ನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ಬಿಡಿಸಬೇಕು. ಪ್ರಜ್ಞೆಯೂ ಉಸಿರೂ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು, ಆಂಬುಲೆನ್ಸ್ ಬರುವವರೆಗೂ. ಮೇನ್ ಸ್ವಿಚ್ ಎಲ್ಲಿದೆಯೆಂದು ಮನೆಯ ಹಿರಿಯರಿಗೂ ಮಕ್ಕಳಿಗೂ ಗೊತ್ತಿರಲಿ. ಎಷ್ಟೋ ಮನೆಗಳಲ್ಲಿ ಅದು ಬೀಗ ಹಾಕಿದ ಕಪಾಟಿನ ಹಿಂದಿರುವುದನ್ನು ಕಂಡಿದ್ದೇವೆ.