ಎತ್ತರ ಇರಲಿ, ಚೌಕ ಉಳಿಯಲಿ

ಸಿಟಿ ಆಫ್ ಲಂಡನ್‌ನ ನಗರ ಯೋಜನಾ ಸಮಿತಿಯ ಅಧ್ಯಕ್ಷರಿಗೆ,



1 ಅಂಡರ್‌ಶಾಫ್ಟ್ ಗೋಪುರಕ್ಕೆ 2024ರ ಡಿಸೆಂಬರ್‌ನಲ್ಲಿ ನಿಮ್ಮ ಸಮಿತಿ ಒಪ್ಪಿಗೆ ಕೊಟ್ಟಿತು. ಸುಮಾರು 310 ಮೀಟರ್. ಥೇಮ್ಸ್ ಆಚೆಯ ಶಾರ್ಡ್ ಗೋಪುರಕ್ಕೆ ಸರಿಸಮ. ಎತ್ತರದ ಬಗ್ಗೆ ನನಗೆ ತಕರಾರಿಲ್ಲ, ಬುಡದ ಬಗ್ಗೆ ಇದೆ. ಗೋಪುರ ತನ್ನ ಬುಡದ ಸೇಂಟ್ ಹೆಲೆನ್ಸ್ ಚೌಕವನ್ನು ನುಂಗುತ್ತದೆ ಎಂಬ ಕಾರಣಕ್ಕೇ ಅದೇ ವರ್ಷದ ಜುಲೈನಲ್ಲಿ ತೀರ್ಮಾನ ಮುಂದೂಡಿದ್ದಿರಿ. ನಕ್ಷೆ ತಿದ್ದಿ ತಂದ ಮೇಲೆ ಒಪ್ಪಿದಿರಿ. ನಕ್ಷೆಯಲ್ಲಿ ಉಳಿದ ನೆಲ ಕಾಮಗಾರಿ ಮುಗಿದಾಗಲೂ ಉಳಿದಿರಬೇಕಲ್ಲ?

ಪಕ್ಕದ ಲೀಡನ್‌ಹಾಲ್ ಕಟ್ಟಡವನ್ನೇ ನೋಡಿ. 2014ರಲ್ಲಿ ಮುಗಿದದ್ದು, 225 ಮೀಟರ್. ಫ್ಲೀಟ್ ಸ್ಟ್ರೀಟ್‌ನಲ್ಲಿ ನಿಂತವರಿಗೆ ಸೇಂಟ್ ಪಾಲ್ಸ್ ಗುಮ್ಮಟದ ಹಿಂದೆ ತಲೆ ತೂರಿಸಬಾರದೆಂದು ಅದರ ದಕ್ಷಿಣದ ಮುಖವನ್ನು ಓರೆಯಾಗಿ ಹಿಂದಕ್ಕೆ ಸರಿಸಿದರು. ಆ ಓರೆ ಎಂಜಿನಿಯರುಗಳ ಬೆವರಿಳಿಸಿತು. ನಡುವೆ ಕಾಂಕ್ರೀಟಿನ ಗಟ್ಟಿ ಗೂಡಿಲ್ಲ. ಲಿಫ್ಟುಗಳೆಲ್ಲ ಉತ್ತರದ ಬೆನ್ನಿಗೆ. ಗಾಳಿಗೆ ಎದೆಯೊಡ್ಡುವುದು ಹೊರಗಿನ ಉಕ್ಕಿನ ಚೌಕಟ್ಟು. ಭಾರ ಒಂದೇ ಕಡೆಗಿದ್ದುದರಿಂದ ಕಟ್ಟುತ್ತ ಹೋದಂತೆ ಕಟ್ಟಡ ಉತ್ತರಕ್ಕೆ ವಾಲುವುದಿತ್ತು. ಅದನ್ನು ಮೊದಲೇ ಲೆಕ್ಕ ಹಾಕಿ, ಓರೆ ತೊಲೆಗಳಿಗೆ ಜ್ಯಾಕ್ ಕೊಟ್ಟು ಉದ್ದ ತಗ್ಗಿಸಿ ನೆಟ್ಟಗೆ ಎಳೆದರು. ಸಾಲದ್ದಕ್ಕೆ, ಹೈಡ್ರೋಜನ್ ಸೇರಿ ಪೆಡಸಾದ ಕೆಲವು ದಪ್ಪ ಬೋಲ್ಟುಗಳು ಮುರಿದು, ರಾಶಿ ಬೋಲ್ಟುಗಳನ್ನು ಬದಲಿಸಬೇಕಾಯಿತು.

ಇಷ್ಟು ಪಾಡುಪಟ್ಟೂ ಬುಡದಲ್ಲಿ ಏಳು ಅಂತಸ್ತಿನಷ್ಟು ಜಾಗವನ್ನು ತೆರೆದೇ ಬಿಟ್ಟಿದ್ದಾರೆ. ಮಳೆ ಬಂದರೆ ಯಾರು ಬೇಕಾದರೂ ಅಲ್ಲಿ ಹೋಗಿ ನಿಲ್ಲಬಹುದು, ಯಾರೂ ಕೇಳುವುದಿಲ್ಲ. ಬಾಡಿಗೆಯ ಲೆಕ್ಕದಲ್ಲಿ ಅದು ಶುದ್ಧ ನಷ್ಟ. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಅತಿ ಜಾಣ ಕೆಲಸ ಅದೇ.

ಇನ್ನು ನಿಮ್ಮ ಗೋಪುರದ ಹತ್ತಿರದ ಸೇಂಟ್ ಆಂಡ್ರ್ಯೂ ಅಂಡರ್‌ಶಾಫ್ಟ್ ಚರ್ಚು. 1532ರದ್ದು; 1666ರ ಬೆಂಕಿಗೂ ಹಿಟ್ಲರನ ಬಾಂಬಿಗೂ ಜಗ್ಗದೆ ನಿಂತದ್ದು. ಲಂಡನ್ನಿನ ಜೇಡಿಮಣ್ಣು ಪಾಯ ತೋಡಿದಾಗ ಹೊರೆ ಇಳಿದು ಉಬ್ಬುತ್ತದೆ, ಗೋಪುರದ ಭಾರ ಬಿದ್ದ ಮೇಲೆ ವರ್ಷಗಟ್ಟಲೆ ಕುಗ್ಗುತ್ತದೆ. ಮಿಲಿಮೀಟರ್ ಲೆಕ್ಕದ ಚಲನೆಯೇ, ನಿಜ. ಆದರೆ ಹಳೆಯ ಸುಣ್ಣದ ಗಾರೆಯ ಗೋಡೆಯ ಒಂದು ಮೂಲೆ ಇನ್ನೊಂದಕ್ಕಿಂತ ಹೆಚ್ಚು ಇಳಿದರೆ ಬಿರುಕು ಕಟ್ಟಿಟ್ಟ ಬುತ್ತಿ.

ಆದ್ದರಿಂದ ಎರಡು ಷರತ್ತು ಹಾಕಿ. ಚರ್ಚಿನ ಗೋಡೆಗಳ ಚಲನೆಯ ಅಳತೆಯನ್ನು ಪ್ರತಿ ತಿಂಗಳೂ ಸಾರ್ವಜನಿಕರ ಮುಂದಿಡಲಿ. ಚೌಕದಲ್ಲಿ ನಡೆಯುವ, ಕೂರುವ ಹಕ್ಕು ಹಗಲು ರಾತ್ರಿ ಎಲ್ಲರಿಗೂ ಇರಲಿ. ಖಾಸಗಿ ಸಮಾರಂಭದ ನೆಪದಲ್ಲಿ ಹಗ್ಗ ಕಟ್ಟುವಂತಿಲ್ಲ ಎಂದು ಕರಾರಿನಲ್ಲೇ ಬರೆಸಿ. ಇದನ್ನು ಕನ್ನಡದಲ್ಲಿ ಬರೆದದ್ದು ಬೆಂಗಳೂರಿನಲ್ಲಿ ನಕ್ಷೆಗೆ ಸಹಿ ಹಾಕುವವರೂ ಓದಲಿ ಎಂದು. ನಿಮಗೆ ಇಂಗ್ಲಿಷ್ ಪ್ರತಿ ಬೇರೆ ಕಳಿಸುತ್ತೇನೆ.

ಇಂತಿ,
ಲಂಡನ್ನಿನ ಒಬ್ಬ ಕನ್ನಡಿಗ ಎಂಜಿನಿಯರ್