ಕೇಳುವ ಕಿವಿಯಿದ್ದಲ್ಲಿ ರಂಗಭೂಮಿ

ಚಿತ್ರಕಾರನಾದವನು ಕುಂಚವನ್ನು ಹಿಡಿದು ಯಾವ ದೇಶಕ್ಕೂ ಹೋಗಬಹುದು. ಸಂಗೀತಗಾರನಿಗೂ ಅಷ್ಟೇನೂ ತೊಡಕಿಲ್ಲ. ಆದರೆ ನಾಟಕದ ನಟಿಗೆ ತನ್ನ ಭಾಷೆ ತಿಳಿದ ಸಭಿಕರು ಬೇಕು. ಅವರಿಲ್ಲದ ಊರಿನಲ್ಲಿ ಎಂತಹ ಕಲಾವಿದೆಯೂ ಮೂಕಿಯೇ ಸರಿ. ಜರ್ಮನಿಯ ಹೆಸರಾಂತ ನಟಿ ತೆರೇಸೆ ಗೀಸೆಯವರ ಬಾಳು ಈ ಮಾತಿಗೆ ಒಳ್ಳೆಯ ನಿದರ್ಶನವೆಂದು ನಾವು ಭಾವಿಸುತ್ತೇವೆ.

1898ರಲ್ಲಿ ಮ್ಯೂನಿಕ್ ನಗರದ ಯಹೂದಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಹುಟ್ಟಿದ ಗೀಸೆ, ಬೇರೆ ಬೇರೆ ಊರುಗಳ ರಂಗಮಂದಿರಗಳಲ್ಲಿ ದುಡಿದು, 1926ರಲ್ಲಿ ಮ್ಯೂನಿಕ್ಕಿನ ಕಾಮರ್‌ಷ್ಪೀಲೆ ನಾಟಕಶಾಲೆಯನ್ನು ಸೇರಿದರು. ಸುಂದರ ನಾಯಿಕೆಯ ಪಾತ್ರಗಳಿಗೆ ಹೊಂದುವ ಮೈಕಟ್ಟು ಅವರದಾಗಿರಲಿಲ್ಲ. ತಾಯಂದಿರ, ಗಟ್ಟಿಗಿತ್ತಿಯರ ಪಾತ್ರಗಳಲ್ಲಿಯೇ ಅವರು ಜನಮನ ಗೆದ್ದರು.

1933ರ ಜನವರಿ 1ರಂದು, ಸಾಹಿತಿ ಥಾಮಸ್ ಮಾನ್‌ರ ಮಕ್ಕಳಾದ ಎರಿಕಾ ಮತ್ತು ಕ್ಲೌಸ್‌ರೊಡಗೂಡಿ ಅವರು ಮ್ಯೂನಿಕ್ಕಿನಲ್ಲಿ ‘ಮೆಣಸಿನ ಗಿರಣಿ’ ಎಂಬ ವಿಡಂಬನ ತಂಡವನ್ನು ಆರಂಭಿಸಿದರು. ಹಾಡು, ಅಣಕು, ಕಿರುಪ್ರಹಸನಗಳ ಮೂಲಕ ನಾಜಿಗಳನ್ನು ಚುಚ್ಚುವುದೇ ಅದರ ಕೆಲಸ. ಆ ತಿಂಗಳ ಕೊನೆಗೇ ಹಿಟ್ಲರನು ಅಧಿಕಾರಕ್ಕೆ ಬಂದನು. ಮಾರ್ಚಿನಲ್ಲಿ ಗೀಸೆ ದೇಶ ಬಿಡಬೇಕಾಯಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಗಿರಣಿ ಮತ್ತೆ ತಿರುಗಿತು. ಹಾಲೆಂಡ್, ಬೆಲ್ಜಿಯಂ, ಝೆಕೊಸ್ಲೊವಾಕಿಯಗಳಲ್ಲಿಯೂ ಸಂಚರಿಸಿ, 1936ರೊಳಗೆ ಸಾವಿರಕ್ಕೂ ಮಿಕ್ಕಿ ಪ್ರದರ್ಶನಗಳಾದವು. ಬ್ರಿಟಿಷ್ ಪಾಸ್‌ಪೋರ್ಟಿಗಾಗಿ ಗೀಸೆ ಆ ವರ್ಷ ಇಂಗ್ಲಿಷ್ ಲೇಖಕ ಜಾನ್ ಹ್ಯಾಂಪ್ಸನ್‌ರನ್ನು ಹೆಸರಿಗೆ ಮದುವೆಯೂ ಆದರು.

1937ರಲ್ಲಿ ತಂಡವು ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ಇಂಗ್ಲಿಷಿನಲ್ಲಿ ಆಡಿ ತೋರಿಸಿದರೂ ಸಭಿಕರಿಗೆ ಆ ಮೆಣಸಿನ ಖಾರ ಹತ್ತಲಿಲ್ಲ. ಆಡಿದವರು ಅವರೇ, ಕಲೆಯೂ ಅದೇ. ಕೇಳುವ ಕಿವಿ ಮಾತ್ರ ಬೇರೆಯಾಗಿತ್ತು. ಗೀಸೆ ಜೂರಿಕ್‌ಗೆ ಮರಳಿದರು.

ಆ ನಗರದ ಷೌಷ್ಪೀಲ್‌ಹೌಸ್ ರಂಗಮಂದಿರದಲ್ಲಿ 1941ರ ಏಪ್ರಿಲ್ 19ರಂದು ಬ್ರೆಕ್ಟನ ‘ಮದರ್ ಕರೇಜ್’ ಮೊದಲ ಬಾರಿಗೆ ರಂಗವೇರಿತು. ಯುದ್ಧದ ನಡುವೆ ಗಾಡಿ ಎಳೆಯುತ್ತ ವ್ಯಾಪಾರ ನಡೆಸಿ, ಮೂವರು ಮಕ್ಕಳನ್ನೂ ಕಳೆದುಕೊಳ್ಳುವ ತಾಯಿಯ ಪಾತ್ರ ಗೀಸೆಯವರದು. ಜನರು ಆಕೆಗಾಗಿ ಮರುಗಿದರು. ಯುದ್ಧದಿಂದ ಲಾಭ ಬಯಸುವವಳ ಮೇಲೆ ಇಷ್ಟು ಕನಿಕರ ಸಲ್ಲದೆಂದು ಬ್ರೆಕ್ಟ್ ಕೆಲವು ದೃಶ್ಯಗಳನ್ನೇ ತಿದ್ದಿ ಬರೆದನು! 1950ರಲ್ಲಿ ಮ್ಯೂನಿಕ್ಕಿನಲ್ಲಿ ತಾನೇ ನಿರ್ದೇಶಿಸಿದಾಗ ಅದೇ ಪಾತ್ರಕ್ಕೆ ಅವನು ಆರಿಸಿದ್ದು ಗೀಸೆಯವರನ್ನೇ. ಡ್ಯೂರೆನ್‌ಮಾಟ್‌ನ ನಾಟಕಗಳು 1956ರಲ್ಲಿ, 1962ರಲ್ಲಿ ಜೂರಿಕ್‌ನಲ್ಲಿ ಮೊದಲು ಪ್ರದರ್ಶನಗೊಂಡಾಗಲೂ ಮುಖ್ಯ ಸ್ತ್ರೀಪಾತ್ರಗಳು ಅವರವೇ. ಚಲನಚಿತ್ರಗಳಲ್ಲಿಯೂ ನಟಿಸಿದರು. 1974ರ ಫ್ರೆಂಚ್ ಚಿತ್ರ ‘ಲಕೋಂಬ್ ಲೂಸಿಯೆನ್’ನಲ್ಲಿ ಯಹೂದಿ ಅಜ್ಜಿಯಾಗಿ, ಹೆಚ್ಚು ಮಾತಿಲ್ಲದೆಯೇ ಮನಸ್ಸಿನಲ್ಲುಳಿದರು. 1975ರ ಮಾರ್ಚ್ 3ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡರು. ಮಣ್ಣಾದುದು ಜೂರಿಕ್‌ನಲ್ಲಿ.

ಜರ್ಮನಿಯಲ್ಲಿ ಬಾಯಿ ಕಟ್ಟಿದ್ದ ಆ ವರ್ಷಗಳಲ್ಲಿ ಜರ್ಮನ್ ನಾಟಕವನ್ನು ಉಳಿಸಿದ್ದು ಗಡಿಯಾಚೆಯ ಒಂದು ಊರು. ಅಲ್ಲಿ ನಟರಿದ್ದರು ನಿಜ. ಆದರೆ ಟಿಕೇಟು ಕೊಂಡು ಬಂದು ಕುಳಿತ ಜನರಿಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ನ್ಯೂಯಾರ್ಕೇ ಉತ್ತರ.

ನಮ್ಮ ಕಾಸರಗೋಡಿನ ಸ್ಥಿತಿಯನ್ನು ಇದಕ್ಕೆ ಹೋಲಿಸುವುದು ಅತಿರೇಕವಾದೀತು. ನಮ್ಮನ್ನಾರೂ ಊರಿನಿಂದ ಅಟ್ಟಿಲ್ಲ. ಆದರೂ 1956ರಿಂದ ರಾಜ್ಯದ ಗಡಿಯಾಚೆ ಉಳಿದ ಕನ್ನಡಿಗರಾದ ನಾವು ಇದರಿಂದ ಕಲಿಯತಕ್ಕದ್ದಿದೆ. ಕನ್ನಡ ಉಳಿಯಲಿ ಎಂದು ಸಭೆಗಳಲ್ಲಿ ಠರಾವು ಮಾಡುವವರು ನಮ್ಮಲ್ಲಿ ಕಡಿಮೆಯಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕನ್ನಡ ನಾಟಕ ಆಡುವಾಗ ಮುಂದಿನ ಸಾಲಿನ ಕುರ್ಚಿಗಳು ಖಾಲಿಯಿರುವುದೇಕೆ? ಭಾಷಣ ಮುಗಿಸಿ ಎದ್ದು ಹೋಗುವ ಮುಖಂಡರು ಒಂದು ಗಂಟೆ ಕುಳಿತರೆ ಆಗದೇ? ವೇದಿಕೆಯ ಮೇಲಿನ ಹುಡುಗಿ ತನ್ನ ಮಾತು ಯಾರಿಗೆ ತಲುಪುತ್ತಿದೆಯೆಂದು ನೋಡುತ್ತಾಳೆ. ಅವಳಿಗೆ ಕಾಣಬೇಕಾದುದು ನಮ್ಮ ಮುಖಗಳು.